ಚುಕ್ಕೆಯಿಲ್ಲದ ಊರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಐದು ವರ್ಷದಿಂದ ದಿನವೂ ಕೂತು ನನ್ನ ಮನಸ್ಸನ್ನು ಪರೀಕ್ಷಿಸಿದ್ದೇನೆ. ಅಸೂಯೆ ಎಲ್ಲಿಯೂ ಕಾಣಲಿಲ್ಲ. ಇನ್ನೂ ಯಾಕೆ ಹುಡುಕುತ್ತಿರಬೇಕು?"

ಗುರುಗಳು ನಕ್ಕರು. ಅಷ್ಟು ಚೊಕ್ಕಟವಾದ ಮನಸ್ಸನ್ನು ತಾವಿನ್ನೂ ಕಂಡಿಲ್ಲವೆಂದು ಹೇಳಿ ಈ ಕತೆ ಹೇಳಿದರು.

ಆಫ್ರಿಕಾದಲ್ಲಿ ಒಬ್ಬ ಪಂಡಿತನಿದ್ದ. ಮರ ಕೊರೆದು ಗೂಡು ಮಾಡುವ ಗೊದ್ದ ಇರುವೆಯ ಒಂದು ಜಾತಿ, ಅದೊಂದೇ ಅವನ ವಿದ್ಯೆ. ಹಿಂದಿನವರು ಆ ಇರುವೆಯನ್ನು ಮೂರು ಬೇರೆ ಬೇರೆ ಜಾತಿಯೆಂದು ತಿಳಿದು ಮೂರು ಹೆಸರಿಟ್ಟಿದ್ದರು. ಇವನು ಕಾಲಿನ ಉದ್ದ ಅಳೆದು, ಬೆನ್ನಿನ ಕೂದಲು ಎಣಿಸಿ, ಮೂರೂ ಒಂದೇ ಎಂದು ತೋರಿಸಿಕೊಟ್ಟ. ಆಮೇಲೆ ಅದು ಎಲ್ಲೆಲ್ಲಿ ವಾಸವಾಗಿದೆ ಎಂದು ಹನ್ನೆರಡು ವರ್ಷ ಅಲೆದು ನಕ್ಷೆ ಬರೆದ. ಇರುವೆ ಸಿಕ್ಕಿದ ಊರಿಗೆಲ್ಲ ಒಂದೊಂದು ಕರಿ ಚುಕ್ಕೆ ಇಟ್ಟ. ಎಲ್ಲರೂ ಹೊಗಳಿದರು. ಅವನಿಗೂ ಅದು ಹಿತವಾಗಿತ್ತು.

ಒಂದು ದಿನ ಅವನಿಗೆ ನದಿಯಾಚೆಯ ಹಳ್ಳಿಯ ಬಡಗಿಯೊಬ್ಬನಿಂದ ಕಾಗದ ಬಂತು. ಅವರ ಊರಿನ ಹಳ್ಳಕ್ಕೆ ಮರದ ಸೇತುವೆಯಿದೆ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಅದರ ಕಂಬಗಳಿಗೆ ಕೊಡತಿಯಿಂದ ತಟ್ಟಿ, ಒಳಗೆ ಇರುವೆ ಕೊರೆದು ಟೊಳ್ಳಾಗಿದೆಯೇ ಎಂದು ಸದ್ದು ಕೇಳುತ್ತಿದ್ದರು. ನಕ್ಷೆಯಲ್ಲಿ ತಮ್ಮ ಊರಿಗೆ ಚುಕ್ಕೆಯಿಲ್ಲದ್ದನ್ನು ಕಂಡು ನಾಲ್ಕು ವರ್ಷದಿಂದ ಆ ವಾಡಿಕೆ ಬಿಟ್ಟಿದ್ದಾರೆ. ದೊಡ್ಡ ಶ್ರಮ ತಪ್ಪಿತು, ನಿಮಗೆ ಪುಣ್ಯ ಬರಲಿ ಎಂದು ಬಡಗಿ ಬರೆದಿದ್ದ. ಇನ್ನು ಏಳು ದಿನಕ್ಕೆ ಮಗಳ ಮದುವೆ, ದಿಬ್ಬಣ ಆ ಸೇತುವೆಯ ಮೇಲೆಯೇ ಹೋಗುತ್ತದೆ, ಬಂದು ಹರಸಬೇಕು ಎಂದೂ ಇತ್ತು.

ಓದಿ ಮುಗಿಸಿ ಪಂಡಿತ ತನ್ನ ನಕ್ಷೆ ಬಿಚ್ಚಿ ನೋಡಿದ. ಅವನು ಆ ಕಡೆ ಅಲೆಯಲು ಹೋದ ವರ್ಷ ನದಿ ತುಂಬಿ ಹರಿಯುತ್ತಿತ್ತು, ಅವನಿಗೆ ಜ್ವರವಿತ್ತು. ದಡದಿಂದಲೇ ಹಿಂದಿರುಗಿದ್ದ. ಆ ಊರನ್ನು ಅವನು ನೋಡಿಯೇ ಇರಲಿಲ್ಲ. ನೋಡದ್ದರಿಂದ ಚುಕ್ಕೆ ಇಟ್ಟಿರಲಿಲ್ಲ, ಅಷ್ಟೆ. ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ಅವನು ಆಗಲೇ ಹೊರಟ. ಬಸ್ಸು, ದೋಣಿ, ಕೊನೆಗೆ ಕಾಲ್ನಡಿಗೆ. ದಾರಿಯುದ್ದಕ್ಕೂ ದಿನ ಎಣಿಸುವುದು, ಮತ್ತೆ ಎಣಿಸುವುದು, ಇದೇ ಆಯಿತು. ನಡುವೆ, ಅಲ್ಲಿ ಇರುವೆ ಇಲ್ಲದೆಯೂ ಇರಬಹುದು, ಹಾಗಿದ್ದರೆ ತಾನು ಬಾಯಿ ಬಿಡಬೇಕಾಗಿಲ್ಲ ಎಂಬ ಯೋಚನೆಯೂ ಬಂತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೊಂಡ. ಆದರೂ ಅದು ಹೋಗಲಿಲ್ಲ.

ಅವನು ತಲುಪಿದಾಗ ದಿಬ್ಬಣ ಸೇತುವೆಯ ಬಾಯಿಗೆ ಬಂದಿತ್ತು. ಮುಂದೆ ಡೋಲಿನವರು, ಹಿಂದೆ ಮದುಮಗಳು. ಪಂಡಿತ ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ. ಜನ ಸಿಟ್ಟಾದರು. ಬಡಗಿ ಮುಂದೆ ಬಂದು ಅವನ ಗುರುತು ಕೇಳಿ ತಿಳಿದು ಕೈಮುಗಿದ.

"ಅಯ್ಯಾ, ಇಲ್ಲಿ ಇರುವೆ ಇಲ್ಲ ಅಂತ ನೋಡಿ ಹೇಳಿದವರು ನೀವೇ ಅಲ್ಲವೇ?"

"ನಾನು ನೋಡಿಲ್ಲಪ್ಪ. ಈ ಊರಿಗೆ ನಾನು ಬಂದೇ ಇರಲಿಲ್ಲ."

ಬಡಗಿ ಕೊಡತಿ ತರಿಸಿಕೊಂಡು, ಉಟ್ಟ ಹೊಸ ಬಟ್ಟೆಯಲ್ಲೇ ಹಳ್ಳಕ್ಕಿಳಿದ. ಮೊದಲ ಕಂಬ ಗಟ್ಟಿಯಾಗಿ ಸದ್ದು ಮಾಡಿತು. ಎರಡನೆಯದೂ ಹಾಗೆಯೇ. ನಡುನೀರಿನ ಕಂಬಕ್ಕೆ ತಟ್ಟಿದಾಗ ಖಾಲಿ ಪೆಟ್ಟಿಗೆಗೆ ತಟ್ಟಿದ ಹಾಗೆ ಕೇಳಿಸಿತು. ಇನ್ನೊಮ್ಮೆ ಹೊಡೆದಾಗ ಕಂಬ ಬಿರಿದು, ಮರದ ಪುಡಿಯೊಡನೆ ಕರಿ ಗೊದ್ದಗಳು ಅವನ ಕೈಮೇಲೆ ಸುರಿದವು. ಬಡಗಿ ತಲೆಯೆತ್ತಿ ದಡದ ಮೇಲಿದ್ದ ಮಗಳನ್ನು ನೋಡಿದ. ಆಮೇಲೆ ದಿಬ್ಬಣಕ್ಕೆ ಹಿಂದೆ ಸರಿಯುವಂತೆ ಕೈಬೀಸಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಪಂಡಿತನ ಮೇಲೆ ಕೋಪ ಬಂದಿತ್ತು. ಇರುವೆಯ ಕೂದಲು ಎಣಿಸಿದವನಿಗೆ, ಇಂಥ ಊರಿಗೆ ಹೋಗಿಲ್ಲವೆಂದು ಒಂದು ಸಾಲು ಬರೆಯಲು ಏನಾಗಿತ್ತು ಎಂದು ಕೇಳಿದ.

ಗುರುಗಳು ಹೇಳಿದರು: "ತಾನು ಹೋಗದ ಊರು ಯಾವುದೆಂದು ಅವನಿಗಾದರೂ ಗೊತ್ತಿತ್ತು, ನಿನ್ನ ಮನಸ್ಸಿನಲ್ಲಿ ನೀನು ಹೋಗದ ಊರು ನಿನಗೆ ಗೊತ್ತಿದೆಯೇ?"