ಮೊಣಕಾಲು ಕೊಟ್ಟು ಮುಚ್ಚಿದ ಕಪಾಟು

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಅಡವಯ್ಯ ಅಜ್ಜಾರು ಹೊಸ ಶಿಷ್ಯರಿಗೆ ಮೊದಲು ಮಂತ್ರ ಹೇಳಿಕೊಡುತ್ತಿರಲಿಲ್ಲ. ಬಟ್ಟೆ ಮಡಚುವುದನ್ನು ಹೇಳಿಕೊಡುತ್ತಿದ್ದರು.

ಒಬ್ಬೊಬ್ಬರಿಗೆ ಗೋಡೆಯೊಳಗಿನ ಒಂದೊಂದು ಕಪಾಟು. ಎರಡು ಹಲಗೆ, ಒಂದು ಬಾಗಿಲು. ನಿಯಮವೂ ಒಂದೇ: ಬಾಗಿಲನ್ನು ಒಂದು ಬೆರಳಿನಿಂದ ಮುಚ್ಚಲು ಬರಬೇಕು.

ಗದಿಗೆಪ್ಪ ಮಾತ್ರ ತನ್ನ ಕಪಾಟನ್ನು ಮೊಣಕಾಲು ಕೊಟ್ಟು ಮುಚ್ಚುತ್ತಿದ್ದ.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಮೈಗಳ್ಳನಲ್ಲ, ದಡ್ಡನೂ ಅಲ್ಲ. ಆದರೂ ದೀಕ್ಷೆ ಆಗಿರಲಿಲ್ಲ. ಮೂರು ಸಲ ದಿನ ಗೊತ್ತಾಗಿ, ಮೂರು ಸಲವೂ ಅವನೇ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಬೇಕಿಲ್ಲವೆಂದೇನೂ ಅಲ್ಲ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಆ ಮಠದ ಪದ್ಧತಿ ಹೀಗಿತ್ತು. ದೀಕ್ಷೆಯ ದಿನ ಶಿಷ್ಯ ಕಪಾಟು ಖಾಲಿ ಮಾಡಿ, ತನ್ನ ಬಟ್ಟೆಯನ್ನೆಲ್ಲ ಗುರುವಿನ ಮುಂದೆ ಇಡಬೇಕು. ಅವೆಲ್ಲ ಸೇರಿ ಒಂದು ಕೌದಿಯಾಗುತ್ತದೆ. ಮಠಕ್ಕೆ ಬಂದ ಅತಿಥಿಗಳು ಅದನ್ನು ಹೊದೆಯುತ್ತಾರೆ. ಖಾಲಿಯಾದ ಕಪಾಟಿಗೆ ಎರಡು ಕಾವಿ ಬಟ್ಟೆ ಬರುತ್ತವೆ.

ನಾಲ್ಕನೆಯ ಸಲ ದಿನ ಗೊತ್ತಾಯಿತು. ಬರುವ ಸೋಮವಾರ.

"ಈ ಸಲ ತಪ್ಪಿತಂದ್ರ ಮತ್ತ ದಿನ ನೋಡಂಗಿಲ್ಲ," ಎಂದರು ಅಜ್ಜಾರು.

ಗುರುವಾರ ಮುಂಜಾನೆ ಅವರು ತಮ್ಮ ಕಂಬಳಿ ಹಿಡಿದುಕೊಂಡು ಗದಿಗೆಪ್ಪನ ಕೋಣೆಗೆ ಬಂದರು.

"ನನ್ನ ಕಪಾಟಿನ್ಯಾಗ ಇಲಿ ಸೇರ್ಯಾವು. ಇದನ್ನ ನಿನ್ನ ಕಪಾಟಿನ್ಯಾಗ ಇಡಪ್ಪ."

ಗದಿಗೆಪ್ಪ ಬಾಗಿಲು ತೆಗೆದ. ಒಳಗೆ ನೋಡಿದರೆ ಅಂಗಡಿಯ ಹಾಗಿತ್ತು. ಮಡಿಕೆಗೆ ಮಡಿಕೆ ಕೂಡಿಸಿ, ಅಂಚಿಗೆ ಅಂಚು ಹೊಂದಿಸಿ ಇಟ್ಟಿದ್ದ.

"ಎಷ್ಟು ಬಟ್ಟೆ ಅದಾವು?"

"ಮೂರು ಧೋತರ, ನಾಕು ಅಂಗಿ, ಎರಡು ಟವೆಲ್ ರೀ ಅಜ್ಜಾರ."

"ಅಷ್ಟಕ್ಕ ಅರ್ಧ ಕಪಾಟು ಸಾಕು. ನನ್ನ ಕಪಾಟಿನ್ಯಾಗ ಇಲಿ ಸಂಸಾರ ಮಾಡುವಷ್ಟು ಜಾಗ ಉಳಿದೈತಿ. ನಿನ್ನದರಾಗ ಯಾಕಿಲ್ಲ?"

ಗದಿಗೆಪ್ಪ ಮೇಲಿನ ಅಂಗಿಯ ಅಂಚನ್ನು ಮತ್ತೊಮ್ಮೆ ಹೊಂದಿಸಿದ.

"ಎಲ್ಲಾ ತೆಗೆದು ಮತ್ತ ಇಡು, ನೋಡೋಣ."

ಅವನು ತೆಗೆದ. ಮತ್ತೆ ಇಟ್ಟ. ಕೈ ಚುರುಕಾಗಿತ್ತು. ಆದರೆ ಕೆಳಗಿನ ಹಲಗೆಯ ಹಿಂಬದಿಗೆ ಕೈ ಹೋಗಲೇ ಇಲ್ಲ.

ಅಜ್ಜಾರು ಬಗ್ಗಿ, ಕಂಬಳಿಯನ್ನು ಅಲ್ಲಿಗೇ ತುರುಕಿದರು. ಅದು ಅರ್ಧ ಹೋಗಿ ನಿಂತಿತು.

"ಹಿಂದ ಏನೈತಿ?"

"ಏನಿಲ್ಲ ರೀ."

"ಏನೂ ಇಲ್ಲಂದ್ರ ಕಂಬಳಿ ಯಾಕ ಒಳಗ ಹೋಗವಲ್ದು?"

ಗದಿಗೆಪ್ಪ ಅಲ್ಲೇ ನೆಲಕ್ಕೆ ಕೂತ. ತಾನೇ ಕೈ ಚಾಚಿ ಹಿಂದಿನಿಂದ ಒಂದು ಗಂಟನ್ನು ಎಳೆದು ಬಿಚ್ಚಿದ. ರೇಷ್ಮೆ ಧೋತರ, ರೇಷ್ಮೆ ಅಂಗಿ, ಜರಿ ರುಮಾಲು. ಧೋತರದ ಅಂಚಿಗೆ ಅರಿಷಿಣದ ಕಲೆ ಇನ್ನೂ ಇತ್ತು.

"ಮರುದಿನ ನನ್ನ ಮದುವಿ, ಅಕ್ಕಿಕಾಳು ಬೀಳಬೇಕಿತ್ತು ರೀ. ಹುಡುಗಿ ಮನಿಯವರು ಅರಿಷಿಣ ಹಚ್ಚಿ, ಇದನ್ನ ಉಡಿಸಿ ಹೋದ್ರು. ನನಗ ಸಂಸಾರ ಒಲ್ಲೆ ಅಂತ ಅನ್ನಾಕ ಬಾಯಿ ಬರಲಿಲ್ಲ. ಯಾರಿಗೂ ಹೇಳದ ಉಟ್ಟ ಬಟ್ಟಿಮ್ಯಾಲೆ ಹೊಳಿ ದಾಟಿ ಬಂದೆ."

"ಹೂಂ."

"ನನ್ನ ಬಟ್ಟಿ ಎಲ್ಲಾ ಕೌದಿಗೆ ಕೊಡ್ತೀನಿ. ಆದ್ರ ಇದು ನಂದಲ್ಲ. ಮದುಮಗಗ ಕೊಟ್ಟದ್ದು, ನಾ ಮದುಮಗ ಆಗಲಿಲ್ಲ. ಕೊಡಾಕೂ ಬರಂಗಿಲ್ಲ, ಇಟ್ಟುಕೊಳ್ಳಾಕೂ ಬರಂಗಿಲ್ಲ. ಯಾರರ ಕಂಡಾರಂತ ದಿನಾ ಇದರ ಮುಂದ ಉಳಿದ ಬಟ್ಟಿ ಹೊಂದಿಸಿ ಇಡ್ತೀನಿ."

"ನೀ ಬಂದಾಗ ತಲಿಮ್ಯಾಲೆ ಜರಿ ರುಮಾಲು ಇತ್ತು," ಎಂದರು ಅಜ್ಜಾರು. "ಅದು ಎಲ್ಲಿ ಹೋತಂತ ನಾನೂ ಒಂಬತ್ತು ವರ್ಷ ದಾರಿ ಕಾದೀನಿ."

ಗದಿಗೆಪ್ಪ ತಲೆ ಎತ್ತಿದ. "ಮತ್ತ ಯಾಕ ಕೇಳಲಿಲ್ಲ ರೀ?"

"ಕಪಾಟು ನಿಂದಲ್ಲೇನು?"

ಆಮೇಲೆ ಕೇಳಿದರು, "ಆ ಹುಡುಗಿ ಊರು ಎಷ್ಟು ದೂರ?"

"ಹೊಳಿ ದಾಟಿದ್ರ ಎರಡು ಹರದಾರಿ."

"ಒಂಬತ್ತು ವರ್ಷಾತು, ಇನ್ನೂ ಮುಟ್ಟಿಲ್ಲ. ಬಾಳ ದೂರ ಐತಿ ಬಿಡು."

ಗದಿಗೆಪ್ಪನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಹೋಗಿ ಏನಂತ ಹೇಳ್ಲಿ ರೀ?"

"ಬಟ್ಟಿ ಕೊಡಾಕ ಬಂದೀನಿ ಅನ್ನು. ಉಳಿದದ್ದು ಆಕಿ ಹೇಳ್ತಾಳ."

ಮರುದಿನ ಅವನು ಗಂಟು ಕಂಕುಳಲ್ಲಿಟ್ಟು ಹೊಳೆ ದಾಟಿದ. ದಾರಿಯಲ್ಲಿ ಎರಡು ಸಲ ತಿರುಗಿ ಹೋಗೋಣ ಅನ್ನಿಸಿತು. ಸೋಮವಾರದ ನೆನಪಾಗಿ ಮುಂದೆ ನಡೆದ.

ಊರಲ್ಲಿ ಆ ಹುಡುಗಿಯ ಹೆಸರು ಹೇಳಿ, ಕಾಶವ್ವನ ಮನೆ ಯಾವುದೆಂದು ಕೇಳಿದ. ಅವಳು ಅದೇ ಊರಲ್ಲಿ ಮದುವೆಯಾಗಿ ಉಳಿದಿದ್ದಳು. ಅಂಗಳದಲ್ಲಿ ಹಳೆಯ ಸೀರೆ ಹರಡಿಕೊಂಡು ಮಗಳಿಗೆ ಕೌದಿ ಹೊಲಿಯುತ್ತ ಕೂತಿದ್ದಳು. ತಲೆ ಎತ್ತಿ ನೋಡಿದಳು. ಸೂಜಿ ನಿಂತಿತು.

"ಬಟ್ಟಿ ಕೊಡಾಕ ಬಂದೀನಿ," ಎಂದ ಗದಿಗೆಪ್ಪ.

ಕಾಶವ್ವ ಗಂಟು ತೆಗೆದುಕೊಂಡಳು. ಧೋತರವನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಒಂದ ಒಂದು ಹುಳ ಹತ್ತಿಲ್ಲ."

"ತಿಂಗಳಿಗೊಮ್ಮೆ ಬೇವಿನ ಎಲಿ ಬದಲು ಮಾಡ್ತಿದ್ದೆ."

"ಒಂಬತ್ತು ವರ್ಷ?"

"ಹೂಂ."

ಅವಳಿಗೆ ನಗು ಬಂತು. "ನನ್ನ ಮದುವಿ ಆಗಿದ್ರ ಇಷ್ಟು ಜ್ವಾಕಿ ಮಾಡ್ತಿದ್ರೋ ಇಲ್ಲೋ."

ಗದಿಗೆಪ್ಪ ಕೈ ಮುಗಿದ. "ತಪ್ಪಾತು," ಎಂದ.

"ತಪ್ಪು ನಿಮ್ಮದ," ಎಂದಳು ಕಾಶವ್ವ. ದನಿಯಲ್ಲಿ ನಗು ಇರಲಿಲ್ಲ. "ನೀವು ಒಲ್ಲೆ ಅಂದದ್ದಕ್ಕ ಸಿಟ್ಟಿಲ್ಲ. ಹೇಳದ ಹೋದ್ರಲ್ಲ, ಅದಕ್ಕ ಸಿಟ್ಟು. ಹುಡುಗಿಯೊಳಗ ಏನು ಕೊರತಿ ಐತಿ ಅಂತ ಮಂದಿ ನನ್ನ ಮಾರಿ ನೋಡಿದ್ರು. ಎರಡು ವರ್ಷ ನಿಮಗ ದಿನಾ ಶಾಪ ಹಾಕೀನಿ."

"ಆಮೇಲೆ?"

"ಆಮೇಲೆ ಮದುವಿಯಾತು. ಮಗಳು ಹುಟ್ಟಿದ್ಲು, ಎಮ್ಮಿ ಈಯ್ತು. ಶಾಪ ಹಾಕಾಕ ಪುರಸೊತ್ತು ಎಲ್ಲಿ?"

ಅವಳು ಕತ್ತರಿ ಎತ್ತಿಕೊಂಡಳು. ಗದಿಗೆಪ್ಪ ಬೇಡವೆನ್ನುವ ಹಾಗೆ ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಂಡ. ಒಂಬತ್ತು ವರ್ಷ ಕಾದ ರೇಷ್ಮೆ ಅಂಗೈಯಗಲದ ಚೂರುಗಳಾಗಿ ಬಿತ್ತು. ಕಾಶವ್ವ ಅರಿಷಿಣದ ಕಲೆಯಿದ್ದ ಒಂದು ಚೂರನ್ನು ಕೌದಿಯ ಮೂಲೆಗೆ ಇಟ್ಟು ನೋಡಿದಳು, ಇನ್ನೊಂದನ್ನು ನಡುವಿಗೆ.

"ಮಗಳಿಗೆ ಹಳದಿ ಬಣ್ಣ ಅಂದ್ರ ಬಾಳ ಇಷ್ಟ," ಎಂದಳು. "ಬಿಸಿಲಾಗ ಬಂದೀರಿ. ರೊಟ್ಟಿ ಉಂಡು ಹೋಗ್ರಿ."

ಅವನು ಉಂಡ. ಒಂಬತ್ತು ವರ್ಷದಲ್ಲಿ ಅಷ್ಟು ಹಸಿವೆ ಅವನಿಗೆ ಆಗಿರಲಿಲ್ಲ. ಬರುವಾಗ ದೋಣಿಯಲ್ಲಿ ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನೀರಿಗೆ ಬಿಟ್ಟುಕೊಂಡು ಕೂತ. ಕಣ್ಣಲ್ಲಿ ನೀರಿತ್ತು, ಆದರೆ ಎದೆ ಹಗುರವಾಗಿತ್ತು. ದೋಣಿಯವನು ಕೆಮ್ಮಿದ್ದಕ್ಕೂ ಅವನಿಗೆ ನಗು ಬಂತು.

ಸೋಮವಾರ ದೀಕ್ಷೆ ಆಯಿತು. ಮೂರು ಧೋತರ, ನಾಲ್ಕು ಅಂಗಿ, ಎರಡು ಟವೆಲ್ ಗುರುವಿನ ಮುಂದೆ ಬಂದವು. ಎರಡು ಕಾವಿ ಬಟ್ಟೆ ಸಿಕ್ಕವು. ಒಂದನ್ನು ಉಟ್ಟ. ಇನ್ನೊಂದನ್ನು ಕಪಾಟಿನಲ್ಲಿಟ್ಟು, ಬಾಗಿಲಿಗೆ ಬೆರಳು ತಾಗಿಸಿದ. ಮುಚ್ಚಿತು. ಸುಮ್ಮನೆ ಮತ್ತೊಮ್ಮೆ ತೆಗೆದು ಮತ್ತೊಮ್ಮೆ ಮುಚ್ಚಿದ.

ಬಾಗಿಲಲ್ಲಿ ಅಡವಯ್ಯ ಅಜ್ಜಾರು ನಿಂತಿದ್ದರು. ಕೈಯಲ್ಲಿ ಅದೇ ಕಂಬಳಿ. ಗದಿಗೆಪ್ಪ ಓಡಿಹೋಗಿ ಕಾಲಿಗೆ ಬಿದ್ದ.

"ಅಜ್ಜಾರ, ಅವತ್ತು ಇಲಿ ಅಂತ ಸುಳ್ಳ ಹೇಳಿ ನನ್ನ ಗಂಟು ಹೊರಗ ತೆಗಿಸಿದ್ರಿ. ನಿಮ್ಮ ಉಪಕಾರ ನಾ ಮರೆಯಂಗಿಲ್ಲ."

ಅಜ್ಜಾರು ಕಂಬಳಿ ಬಿಡಿಸಿ, ಅಂಚಿನಲ್ಲಿ ಇಲಿ ಕಡಿದ ತೂತಿನೊಳಗೆ ಬೆರಳು ಹಾಕಿ ತೋರಿಸಿದರು.

"ಸುಳ್ಳ ಯಾಕ ಹೇಳ್ಲಿ? ಇಲಿ ಖರೇನ ಅದಾವಪ್ಪ. ಈಗರ ಇದಕ್ಕ ಜಾಗ ಐತೇನು?"