ಬಾಗಿಲಿಗೆ ಬಂದ ಬಾಣಗಳು

ಕಲ್ಲು ಕ್ವಾರಿಯ ಚನ್ನವೀರಗೌಡರು ಟೈರ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಗುಡುಗಿದರು. "ಮೈಲಾರಿ, ಕೆಸರಿಗೆ ಹೆದರದ ಟೈರ್ ಹಾಕಲೇ. ಇನ್ನ ಸುಡುಗಾಡು ತುಳಕೊಂಡ ಕ್ವಾರಿಗೆ ಹೋಗಾಂವ ನಾನು."

ಆ ಸುಡುಗಾಡಿನಲ್ಲಿ ಮೈಲಾರಿಯ ಅವ್ವ ಮಲಗಿದ್ದಳು. ಆದರೆ ಅಂಗಡಿಯ ಜಾಗ ಗೌಡರದ್ದು.

ಮೈಲಾರಿ ದಪ್ಪ ಹಲ್ಲಿನ ಮಡ್ ಟೈರ್ ಆರಿಸಿದ. "ಇದು ಎರಿ ಮಣ್ಣಾಗ ಬಾಣದ ಗುರ್ತು ಬಿಡತೈತ್ರಿ ಗೌಡ್ರ. ಗಾಡಿ ಎತ್ತ ಹೋಗತೈತಿ, ಬಾಣ ಅತ್ತ ನೋಡತೈತಿ."

ಗೌಡರು ಚಹಾಕ್ಕೆ ಹೋದಾಗ ಎಡಗಡೆಯ ಎರಡನ್ನೂ ಬಾಣ ಹಿಂದಕ್ಕೆ ನೋಡುವಂತೆ ಉಲ್ಟಾ ಹಾಕಿದ. ಬಲಗಡೆಗೆ ಬರುವಷ್ಟರಲ್ಲಿ ಗೌಡರು ತಲೆಯ ಮೇಲೆ ಬಂದು ನಿಂತರು. ಅವನ್ನು ನೆಟ್ಟಗೇ ಹಾಕಬೇಕಾಯಿತು.

ಸಂಜೆ ಗೌಡರು ಮನೆಯಿಂದ ಹೊರಟು ಸುಡುಗಾಡು ತುಳಿದೇ ಹೋದರು. ಬರುವಾಗ ಕತ್ತಲೆಗೆ ಅಂಜಿ ಡಾಂಬರು ರಸ್ತೆ ಹಿಡಿದರು.

ಮುಂಜಾನೆ ಮಂಜಿನಲ್ಲೇ ಮೈಲಾರಿಗೆ ಗೌಡರ ಮನೆಯಿಂದ ಕರೆ ಬಂತು. ಬಾಣಗಳು ಸುಡುಗಾಡಿನಿಂದ ಹೊರಟು ಗೌಡರ ಬಾಗಿಲಿಗೆ ಬಂದು ನಿಂತಿದ್ದವು.

"ನಾ ಆ ಹಾದೀಲೆ ಹೋಗೇನಿ ಅಷ್ಟ. ಬಂದಿಲ್ಲೋ!" ಗೌಡರು ಹೊಸ್ತಿಲಿನಿಂದಲೇ ಕೂಗಿದರು.

"ನೀವು ಬಂದಿಲ್ಲರಿ," ಎಂದ ಮೈಲಾರಿ. "ನೀವು ಯಾರನ್ನ ಎಬ್ಬಿಸೀರಿ, ಅವರು ಬಂದಾರ. ತಿರುಗಿ ಹೋದ ಗುರ್ತು ಕಾಣವಲ್ದು."

ಗೌಡರು ಜೀಪಿನ ಕೀಲಿಯನ್ನು ಅವನ ಕೈಗೆ ತುರುಕಿದರು. "ತೆಗದ ಒಗಿ ಈ ಟೈರು. ಇನ್ನ ಆ ಕಡೆ ತಲಿ ಹಾಕಿ ಮಲಗೂದಿಲ್ಲ."

ನಗು ನುಂಗಿಕೊಂಡು ಮೈಲಾರಿ ಗುರುತಿನ ಗುಂಟ ನಡೆದ. ಎಡಸಾಲಿನ ಬಾಣಗಳು ಅವನ ಕೈಚಳಕ. ಬಲಸಾಲಿನವು ಸುಡುಗಾಡಿನ ಕಡೆ ನೋಡಬೇಕಿತ್ತು.

ಅವೂ ಗೌಡರ ಬಾಗಿಲನ್ನೇ ನೋಡುತ್ತಿದ್ದವು.