ಬಣ್ಣದ ಮನೆಯ ಸಂಕವ್ವ

ಈಗಿನವರ ಮುತ್ತಜ್ಜಂದಿರೂ ಹುಟ್ಟಿರದ ಕಾಲ ಅದು. ಮಗ್ಗದ ಸದ್ದಿಗೇ ಬೆಳಗಾಗುತ್ತಿದ್ದ ಒಂದೂರು. ಆ ಊರಲ್ಲಿ ಬಣ್ಣದ ಮನೆತನವೆಂದರೆ ತಲೆತಲಾಂತರದಿಂದ ಹೆಸರಾದ ಮನೆತನ. ಅವರು ಅದ್ದಿಕೊಟ್ಟ ರೇಷ್ಮೆಯ ಬಣ್ಣ ಬಿಟ್ಟಿತೆಂದು ಯಾರೂ ದೂರಿದ್ದಿಲ್ಲವಂತೆ. ಅವರ ಕಟ್ಟೆಯ ಮೇಲೆ ನಿಂತು ಯಾರೂ ಸುಳ್ಳಾಡಿದ್ದಿಲ್ಲವಂತೆ. ಆ ಮನೆಯ ಹೆಂಗಸರು ಕುಂಕುಮ ಕೊಟ್ಟು ಕರೆಯದೆ ಇನ್ನೊಬ್ಬರ ಹೊಸ್ತಿಲು ತುಳಿಯುತ್ತಿರಲಿಲ್ಲ.

ಸಂಕವ್ವ ಆ ಮನೆಯ ಮಗಳು. ನಿಲುವು ನೆಟ್ಟಗೆ, ಮಾತು ಇನ್ನೂ ನೆಟ್ಟಗೆ. ಆದರೆ ಬೆಕ್ಕೋ ನಾಯಿಯೋ ನರಳಿದ ದನಿ ಕಿವಿಗೆ ಬಿದ್ದರೆ ಕುಂಕುಮಕ್ಕೆ ಕಾಯುತ್ತಿರಲಿಲ್ಲ. ಕೈಯಲ್ಲಿದ್ದದ್ದನ್ನು ಅಲ್ಲಿಯೇ ಬಿಟ್ಟು ಓಡುತ್ತಿದ್ದಳು. ಗಿಳಿಯ ಮುರಿದ ರೆಕ್ಕೆಗೆ ದಬ್ಬೆ ಕಟ್ಟಿದಳಂತೆ. ಪಕ್ಕದೂರಿನ ಕುಂಟುನಾಯಿಯೊಂದು ತಾನೇ ದಾರಿ ಹುಡುಕಿಕೊಂಡು ಬಂದು, ಅವಳ ಬಾಗಿಲಲ್ಲಿ ಮುಳ್ಳು ಚುಚ್ಚಿದ ಕಾಲನ್ನು ಎತ್ತಿ ತೋರಿಸಿತಂತೆ. ನಂಬುವವರು ನಂಬಬಹುದು.

ಅವಳದೇ ಓಣಿಯ ನೇಕಾರ ಮಾನಪ್ಪನ ಮನೆಯಲ್ಲಿ ಚಂದ್ರಿ ಎಂಬ ಬೆಕ್ಕಿತ್ತು. ಇಲಿಗಳು ರೇಷ್ಮೆ ಕಡಿಯದಂತೆ ಕಾಯುತ್ತಿದ್ದದ್ದು ಅದೇ. ಆಗಷ್ಟೇ ಮರಿ ಹಾಕಿತ್ತು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದು ಮುಂಜಾನೆ ಚಂದ್ರಿ ಹಾಲು ಮುಟ್ಟಲಿಲ್ಲ. ಮೇಲಿಂದ ಮೇಲೆ ವಾಂತಿ ಮಾಡಿತು, ಪಂಜದಿಂದ ಬಾಯಿ ಕೆರೆದುಕೊಂಡಿತು. ಮಾನಪ್ಪ ಬಾಯಿ ಅಗಲಿಸಿ ನೋಡಿದರೆ ನುಂಗಿದ ಕೆಂಪು ನೂಲಿನ ಎಳೆಯ ತುದಿಯೊಂದು ಕಂಡಿತು. ನೇಕಾರನ ಬೆರಳು ಬಿಡಿ ಎಳೆ ಕಂಡ ಮೇಲೆ ಸುಮ್ಮನಿರುತ್ತದೆಯೇ? ಹಿಡಿದು ಎಳೆದೇ ಬಿಟ್ಟ. ಚಂದ್ರಿ ಚೀರಿದ ಚೀರಾಟಕ್ಕೆ ಮಗ್ಗಗಳೆಲ್ಲ ನಿಂತವಂತೆ.

ಸಂಕವ್ವ ಒಳಗೆ ಬಂದಾಗ ಎಳೆ ಅವನ ಕೈಯಲ್ಲೇ ಇತ್ತು.

“ಕೈ ಬಿಡೋ ಮಾನ್ಯಾ!”

“ಎಳಿ ಜಗ್ಗೂದು ನಮ್ಮ ಕಸುಬರೀ ಅಕ್ಕಾರ. ಇನ್ನೊಂದ್ ಸಲ ಜಗ್ಗಿದ್ರ ಬರತೈತಿ.”

ಸಂಕವ್ವ ಬಗ್ಗಿ ಬೆಕ್ಕಿನ ಬಾಯೊಳಗೆ ನೋಡಿದಳು. “ಒಂದು ತುದಿ ನಾಲಿಗಿ ಬುಡಕ್ಕ ಸುತ್ತಿಕೊಂಡೈತಿ, ಇನ್ನೊಂದು ಕರುಳಾಗ ಐತಿ. ಅರಿವಿಯೊಳಗಿನ ಒಂದು ಎಳಿ ಜಗ್ಗಿದ್ರ ಏನಾಗ್ತೈತಿ, ನೀನ ಹೇಳು.”

ಮಾನಪ್ಪನ ಮುಖ ಬಿಳಿಚಿಕೊಂಡಿತು. ಬಟ್ಟೆ ನೆರಿಗೆಗಟ್ಟುತ್ತದೆ, ಇನ್ನೂ ಜಗ್ಗಿದರೆ ಹರಿಯುತ್ತದೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾವು ಮುಟ್ಟಿದವನಂತೆ ಎಳೆಯನ್ನು ಕೈಬಿಟ್ಟ. ಬುಟ್ಟಿಯಲ್ಲಿ ಮರಿಗಳು ತಾಯಿಗಾಗಿ ಕೂಗುತ್ತಿದ್ದವು.

ಸಂಕವ್ವ ಚಂದ್ರಿಯನ್ನು ಮುಖವೊಂದು ಬಿಟ್ಟು ಪಂಚೆಯಲ್ಲಿ ಬಿಗಿಯಾಗಿ ಸುತ್ತಿದಳು. ಸಣ್ಣ ಕತ್ತರಿಯಿಂದ ನಾಲಿಗೆಯ ಬುಡದ ಸುತ್ತನ್ನು ಕತ್ತರಿಸಿದಳು. ಬೆಚ್ಚಗಿನ ತುಪ್ಪವನ್ನು ಹನಿಹನಿಯಾಗಿ ನೆಕ್ಕಿಸಿದಳು. ಆಮೇಲೆ ಕಾಯುವುದೊಂದೇ ಉಳಿಯಿತು. ಅವಳು ಅಲ್ಲಿಂದ ಏಳಲಿಲ್ಲ. ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಮರಿಗಳಿಗೆ ಚೀಪಿಸುತ್ತ ಕುಳಿತಳು. ಅಷ್ಟು ಹೊತ್ತೂ ಅವಳ ಬೆನ್ನು ಗೋಡೆಗೆ ತಾಗಲಿಲ್ಲವಂತೆ.

ಕಡೆಗೂ ಎಳೆ ಮಲದ ಜೊತೆ ತಾನಾಗಿಯೇ ಹೊರಬಿತ್ತು. ಚಂದ್ರಿ ನೀರು ಕುಡಿಯಿತು, ತೂರಾಡುತ್ತ ಹೋಗಿ ಮರಿಗಳ ಪಕ್ಕ ಮಲಗಿತು. ಮಾನಪ್ಪ ಕಣ್ಣೊರೆಸಿಕೊಂಡು ಸಂಕವ್ವನ ಕಾಲಿಗೆ ಬಗ್ಗಿದ. ಅವಳು ಕಾಲು ಹಿಂದೆಗೆದುಕೊಂಡಳು.

“ನನಗಲ್ಲ, ಅದಕ್ಕ.”

“ಬೆಕ್ಕಿಗೇನ್ರೀ ಅಕ್ಕಾರ? ಓಣಿ ಮಂದಿ ನಗತಾರ.”

“ನಗಲಿ. ನೋವಾಗಿದ್ದು ಓಣಿ ಮಂದಿಗಲ್ಲ.”

ಮಾನಪ್ಪ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಪ್ಪಾಯಿತು ತಾಯಿ ಎಂದನಂತೆ. ಚಂದ್ರಿ ಅವನಿಗೆ ಬೆನ್ನು ತಿರುಗಿಸಿತಂತೆ. ಬಣ್ಣದ ಮನೆಯ ಮಗಳು ನಕ್ಕದ್ದನ್ನು ಓಣಿ ಕಂಡದ್ದು ಅವತ್ತೇ ಎನ್ನುತ್ತಾರೆ.

ಇವತ್ತಿಗೂ ಆ ಓಣಿಯಲ್ಲಿ ತುಂಡು ನೂಲು ನೆಲಕ್ಕೆ ಬೀಳುವುದಿಲ್ಲ. ಮುಚ್ಚಳವಿರುವ ಗಡಿಗೆಗೆ ಬೀಳುತ್ತದೆ. ಅದಕ್ಕೆ ಸಂಕವ್ವನ ಗಡಿಗೆ ಎಂದೇ ಹೆಸರು. ಬಾಗಿಲ ಸಂದಿಗೆ ಬೆಕ್ಕಿನ ಬಾಲ ಸಿಕ್ಕಿಸಿದವರು, ಕಾಣದೆ ನಾಯಿಯ ಕಾಲು ತುಳಿದವರು ದೊಡ್ಡವರಿರಲಿ, ಚಿಕ್ಕವರಿರಲಿ, ಆ ಜೀವಕ್ಕೆ ಔಷಧ ಹಚ್ಚಿದ ಮೇಲೆ ಮನೆಯ ಹಿರಿಯಳು ಅವರನ್ನು ಅದರ ಮುಂದೆ ಕೂರಿಸುತ್ತಾಳೆ. ಬಯ್ಯುವುದಿಲ್ಲ, ಕಾರಣ ಕೇಳುವುದಿಲ್ಲ. ಒಂದೇ ಮಾತು:

“ತಪ್ಪಾತು ಅನ್ನು.”